ಒಮ್ಮೆಯೂ ಬಿಚ್ಚದ ಹೊಟ್ಟೆ

ಹೊಟ್ಟೆನೋವು ಬಂದರೆ ಯಾರಾದರೂ ಹೊಟ್ಟೆ ಹಿಡಿದುಕೊಳ್ಳುತ್ತಾರೆ. ಮಿಕ್ಸಿ ಮಾವ ಅಂಗಿಯ ಅಂಚು ಹಿಡಿದುಕೊಂಡರು. ಎಲ್ಲಿ ಅದು ಮೇಲೆ ಸರಿದು, ಬಲಗಡೆ ಸೊಂಟದ ಮೇಲಿರುವ ಹಳೇ ಆಪರೇಶನ್ನಿನ ಗುರುತು ಯಾರ ಕಣ್ಣಿಗಾದರೂ ಬೀಳುತ್ತದೋ ಎಂಬ ಹೆದರಿಕೆ. ನೋವಿಗೆ ನರಳುವುದನ್ನು ಅವರು ಆಮೇಲಕ್ಕೆ ಇಟ್ಟುಕೊಂಡರು.

ಇಂಥ ಹೆದರಿಕೆ ಎಲ್ಲರಿಗೂ ಬರುವಂಥದ್ದಲ್ಲ. ಅದಕ್ಕೆ ತಕ್ಕ ಕಸುಬು ಮಾಡಿರಬೇಕು. ಬೀದಿಯ ಕೊನೆಯಲ್ಲಿ, ಇಬ್ಬರು ಎದುರುಬದುರು ನಿಂತರೆ ಮೂರನೆಯವರು ಹೊರಗೆ ಕಾಯಬೇಕಾದಷ್ಟು ಕಿರಿದಾದ ಒಂದು ಅಂಗಡಿ ಅವರದು. ಮಿಕ್ಸಿ, ಫ್ಯಾನು, ಇಸ್ತ್ರಿ ಪೆಟ್ಟಿಗೆ, ಯಾವುದು ಕೆಟ್ಟರೂ ಅಲ್ಲಿಗೇ ಬರಬೇಕು. ರಿಪೇರಿ ಮುಗಿದ ಮೇಲೆ ಮಾವ ಸ್ಕ್ರೂ ತಲೆಯ ಮೇಲೆ ಒಂದು ತೊಟ್ಟು ಕೆಂಪು ನೇಲ್ ಪಾಲಿಶ್ ಹಾಕಿ ಊದಿ ಒಣಗಿಸುತ್ತಿದ್ದರು. ವರ್ಷದೊಳಗೆ ಅದೇ ವಸ್ತು ಮತ್ತೆ ಕೆಟ್ಟು ಬಂದರೆ ಮೊದಲು ನೋಡುತ್ತಿದ್ದದ್ದು ಆ ತೊಟ್ಟನ್ನು. ಅದು ಹಾಗೇ ಇದ್ದರೆ ರಿಪೇರಿ ಪುಕ್ಕಟೆ. ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೂ ಮುಗಿಯಿತು. "ಬೇರೆ ಯಾರೋ ಬಿಚ್ಚಿದ್ದಾರೆ. ಇನ್ನು ಇದಕ್ಕೂ ನನಗೂ ಸಂಬಂಧ ಇಲ್ಲ" ಎಂದು ವಸ್ತುವನ್ನು ಬಟ್ಟೆಯ ಚೀಲಕ್ಕೆ ತುಂಬಿ ಕೈಗೆ ಕೊಡುತ್ತಿದ್ದರು. ಗಿರಾಕಿ ಬೈದರೂ ಅತ್ತರೂ ಅವರ ಮುಖ ಕದಲುತ್ತಿರಲಿಲ್ಲ. ನ್ಯಾಯಾಧೀಶರಿಗೂ ಇರದಂಥ ನೆಮ್ಮದಿ.

ಎಪ್ಪತ್ತು ದಾಟಿದವರಿಗೆ ಸರ್ಕಾರ ಆರೋಗ್ಯ ವಿಮೆಯ ಕಾರ್ಡು ಕೊಡತೊಡಗಿದಾಗ ಬೀದಿಯಲ್ಲಿ ಮೊದಲು ಸಾಲು ನಿಂತು ತಂದವರು ಮಾವನೇ. ಹಾಗಾಗಿ ಉಳಿದ ಹಿರಿಯರು ಕಾರ್ಡು ಹಿಡಿದು ಅಂಗಡಿಗೆ ಬಂದು, "ಇದರಿಂದ ಏನೇನು ಸಿಗುತ್ತೆ? ನಾವು ಏನು ಕೊಡಬೇಕು?" ಎಂದು ಕೇಳಿದರು. ಮಾವನಿಗೆ ಅದು ಗೊತ್ತಿರಲಿಲ್ಲ. ಕೊಟ್ಟವರನ್ನು ಅವರು ಕೇಳಿರಲಿಲ್ಲ. ಆದರೆ ಬೀದಿಯ ಸಮಸ್ತ ವಸ್ತುಗಳ ಒಳಗನ್ನು ಬಲ್ಲ ಮನುಷ್ಯ ಒಂದು ಪ್ಲಾಸ್ಟಿಕ್ ಕಾರ್ಡಿನ ಮುಂದೆ ತಲೆ ತಗ್ಗಿಸುವುದುಂಟೇ?

"ಇದೊಂದು ವಾರಂಟಿ ಕಾರ್ಡು" ಎಂದರು.

"ಅಂದ್ರೆ ಹೇಗ್ರೀ ಮಿಕ್ಸಿಯವರೇ?" ಎಂದರು ಪಕ್ಕದ ಮನೆಯ ನಿವೃತ್ತ ಬಸ್ ಕಂಡಕ್ಟರು.

"ಮಾಲು ಕಂಪನಿಯಿಂದ ಹೇಗೆ ಬಂದಿತ್ತೋ ಹಾಗೇ ಇರಬೇಕು. ಬೇರೆ ಕಡೆ ಬಿಚ್ಚಿಸಿದ್ದು ಗೊತ್ತಾದ್ರೆ ಕ್ಯಾನ್ಸಲ್. ಡೂಪ್ಲಿಕೇಟ್ ಪಾರ್ಟು ಹಾಕಿಸಿದ್ರೂ ಕ್ಯಾನ್ಸಲ್."

"ಡೂಪ್ಲಿಕೇಟ್ ಪಾರ್ಟು ಅಂದ್ರೆ?"

ಮಾವ ಉತ್ತರ ಕೊಡದೆ ಕಂಡಕ್ಟರ ಬಾಯಿಯನ್ನೇ ನೋಡಿದರು. ಕಂಡಕ್ಟರು ತಟ್ಟನೆ ಬಾಯಿ ಮುಚ್ಚಿಕೊಂಡರು. ಅವರ ಹಲ್ಲು ಮೇಲಿನ ಸಾಲೂ ಕಟ್ಟಿಸಿದ್ದು, ಕೆಳಗಿನ ಸಾಲೂ ಕಟ್ಟಿಸಿದ್ದು.

"ಇದೂ ಬರುತ್ತೇನ್ರೀ ಲೆಕ್ಕಕ್ಕೆ?" ಎಂದರು ಅಂಗೈ ಮರೆಯಿಂದ.

"ಹುಟ್ಟುವಾಗ ಇತ್ತಾ?"

"ಹುಟ್ಟುವಾಗ ಯಾವ ಹಲ್ಲೂ ಇರ್ಲಿಲ್ಲ."

"ಹಾಗಾದ್ರೆ ವಿಮೆಯವರು ಎದುರಿಗೆ ಬಂದಾಗ ಹುಟ್ಟುವಾಗ ಇದ್ದ ಹಾಗೇ ಇರಿ."

ಅಂದಿನಿಂದ ಬೀದಿಯ ಹಿರಿಯರಿಗೆ ಶಾಂತಿ ಇಲ್ಲವಾಯಿತು. ಕಿವಿಯ ಯಂತ್ರ ಹಾಕಿಕೊಳ್ಳುತ್ತಿದ್ದವರು ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಕಣ್ಣಿನ ಪೊರೆ ತೆಗೆಸಿಕೊಂಡವರು ಅಪರಿಚಿತರು ಕಂಡರೆ ಬೇಕೆಂದೇ ಗೋಡೆ ತಡವುತ್ತ ನಡೆದರು. ಇಷ್ಟು ಜನರನ್ನು ಹೆದರಿಸಿದ ಮಾವ ಸ್ವತಃ ಮನೆಗೆ ಹೋಗಿ, ಬಾಗಿಲು ಹಾಕಿ, ಕನ್ನಡಿಯ ಮುಂದೆ ಅಂಗಿ ಎತ್ತಿದರು. ನಡುವಯಸ್ಸಿನಲ್ಲಿ ಮಾರ್ಕೆಟ್ಟಿನ ಹಿಂದಿನ ನರ್ಸಿಂಗ್ ಹೋಮಿನಲ್ಲಿ ಅಪೆಂಡಿಕ್ಸ್ ತೆಗೆಸಿಕೊಂಡ ಗುರುತು ಇಂಚುಪಟ್ಟಿಯ ಹಾಗೆ ಸ್ಪಷ್ಟವಾಗಿತ್ತು. ಬಿಚ್ಚಿದ ಮಾಲು! ತಾನೇ ಹೇಳಿದ ಸುಳ್ಳನ್ನು ಬೀದಿಯವರಿಗಿಂತ ಹೆಚ್ಚಾಗಿ ತಾನೇ ನಂಬಿದ ಮನುಷ್ಯ ಅಂಗಿಯನ್ನು ಸರ್ರನೆ ಕೆಳಗೆಳೆದರು.

ಈಗ ಆ ಗುರುತಿನ ಕೆಳಗೇ ನೋವು ಬಂದಿತ್ತು. ಅದೂ ಎಂಥದ್ದು? ಅಂಗಡಿಯಲ್ಲಿ ಫ್ಯಾನು ಬಿಚ್ಚುತ್ತಿದ್ದವರು ಸ್ಕ್ರೂಡ್ರೈವರ್ ಬಾಯಲ್ಲಿ ಕಚ್ಚಿಕೊಂಡೇ ಮನೆಗೆ ಬಂದರು. ತೆಗೆದರೆ ಕಿರುಚಿಬಿಡುತ್ತೇನೋ ಎಂಬ ಭಯಕ್ಕೆ.

"ನಡೀರಿ ಆಸ್ಪತ್ರೆಗೆ" ಎಂದರು ಹೆಂಡತಿ. "ಕಾರ್ಡು ಇದೆಯಲ್ಲ."

"ಕಾರ್ಡು ಇದೆ. ಹೊಟ್ಟೆ ಮೇಲೆ ಇದೂ ಇದೆ. ನೋಡಿದ ಕೂಡಲೇ ವಾಪಸ್ ಕಳಿಸ್ತಾರೆ. ಆಪರೇಶನ್ನಿಗೆ ದುಡ್ಡು ನಾವೇ ಹಾಕ್ಬೇಕು. ಅಂಗಡಿ ಮಾರ್ಬೇಕು ಕಣೇ, ಅಂಗಡಿ!"

ಇಬ್ಬರ ಊಟ ಬರುತ್ತಿದ್ದದ್ದು ಆ ಮೂರನೆಯವರಿಗೆ ಜಾಗವಿಲ್ಲದ ಅಂಗಡಿಯಿಂದಲೇ.

"ಹಾಗಾದ್ರೆ ನಿಮ್ಮ ಅಕ್ಕನಿಗಾದ್ರೂ ಒಂದು ಮಾತು ಹೇಳೋಣ."

"ಬೇಡ!" ಮಾವ ನೋವು ಮರೆತು ಎದ್ದು ಕುಳಿತರು. "ಅವಳಿಗೆ ಹೇಳೋದೂ ಒಂದೇ, ಮೈಕಿನಲ್ಲಿ ಕೂಗೋದೂ ಒಂದೇ. ನನ್ನ ಹೊಟ್ಟೇನ ಇವತ್ತಿನವರೆಗೆ ಯಾರೂ ಬಿಚ್ಚಿಲ್ಲ. ತಿಳೀತಾ? ಯಾರೇ ಕೇಳಿದ್ರೂ ಒಂದೇ ಮಾತು."

ಪಕ್ಕದ ಮನೆಯ ಕಂಡಕ್ಟರಿಗೂ ಅದೇ ಒಂದು ಮಾತನ್ನೂ, ಗುರುತಿಗೊಂದು ಕಾರಣವನ್ನೂ ಗೋಡೆಯ ಮೇಲಿಂದ ಹೇಳಿಕೊಟ್ಟು, ಬಾಗಿ ಮಡಿಸಿದ ಕುರ್ಚಿಯಂತಾಗಿ, ಮಾವ ಆಸ್ಪತ್ರೆ ಸೇರಿದರು.

ಪರೀಕ್ಷೆ ಮಾಡಿದ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಹೊರಗೆ ಸಾಲು ಬೆಳೆಯುತ್ತಿತ್ತು, ಮೇಜಿನ ಮೇಲೆ ಫೋನು ಬಡಿದುಕೊಳ್ಳುತ್ತಿತ್ತು. ಅಂಗಿ ಎತ್ತಿಸಿದವರೇ ಕೇಳಿದರು:

"ಇದೇನು ಗುರುತು ತಾತ?"

"ಫ್ಯಾನು."

"ಫ್ಯಾನಾ?"

"ಟೇಬಲ್ ಫ್ಯಾನು. ರಿಪೇರಿ ಮಾಡ್ತಾ ಇದ್ದೆ. ರೆಕ್ಕೆ ಕಿತ್ಕೊಂಡು ಬಂದು ಹೊಡೀತು."

ಡಾಕ್ಟರಮ್ಮ ಬಗ್ಗಿ ನೋಡಿದರು. "ಹೊಡೆದ ಮೇಲೆ ಎರಡೂ ಕಡೆ ಸಾಲಾಗಿ ಹೊಲಿಗೆನೂ ಅದೇ ಹಾಕಿತಾ?"

ಮಾವ ಒಂದು ಸುಳ್ಳಿನ ಬುಡಕ್ಕೆ ಇನ್ನೊಂದು ಸುಳ್ಳು ಆನಿಸಬೇಕಾಯಿತು. ಕೈಗೆ ಸಿಕ್ಕಿದ್ದು ಹೆಂಡತಿ.

"ಹೊಲಿಗೆ ಇವಳು ಹಾಕಿದ್ದು. ಆಗ ಇವಳು ಟೈಲರಿಂಗ್ ಕಲೀತಿದ್ಲು."

ಡಾಕ್ಟರಮ್ಮ ಆ ಹೆಂಗಸನ್ನು ನೋಡಿದರು. ಆ ಹೆಂಗಸು ನೆಲ ನೋಡಿದರು. ಜೀವಮಾನದಲ್ಲಿ ಅವರು ಒಂದು ಗುಂಡಿಯನ್ನೂ ನೆಟ್ಟಗೆ ಹಾಕಿದವರಲ್ಲ.

"ಸರಿ, ಹಿಂದೆ ಯಾವುದಾದ್ರೂ ಆಪರೇಶನ್ ಆಗಿದೆಯಾ?"

"ಇಲ್ಲ ತಾಯೀ. ಆಸ್ಪತ್ರೆ ಹೊಸಿಲು ದಾಟಿದ್ದೇ ಇವತ್ತು."

ಸ್ಕ್ಯಾನ್ ಆಯಿತು. ಡಾಕ್ಟರಮ್ಮ ಚಿತ್ರವನ್ನು ಬೆಳಕಿಗೆ ಹಿಡಿದರು. "ಅಪೆಂಡಿಕ್ಸ್ ಸರಿಯಾಗಿ ಕಾಣಿಸ್ತಾ ಇಲ್ಲ. ಹೊಟ್ಟೇಲಿ ಗ್ಯಾಸ್ ತುಂಬಿದ್ರೆ ಕೆಲವೊಮ್ಮೆ ಹೀಗಾಗುತ್ತೆ. ಆದ್ರೆ ನೋವಿರೋ ಜಾಗ ನೋಡಿದ್ರೆ ಅದೇ ಅನ್ನಿಸುತ್ತೆ. ಒಡೆದ್ರೆ ಜೀವಕ್ಕೆ ಅಪಾಯ. ವಿಮೆಯವರ ಮಂಜೂರಾತಿ ಬಂದ ಕೂಡ್ಲೆ ತೆಗೆದುಬಿಡೋಣ."

ಅವರು ಹೊರಟುಹೋದರು. ಮಾವ ಮಂಚದ ಮೇಲೆ ಕಲ್ಲಿನಂತೆ ಮಲಗಿದ್ದರು. ಆಮೇಲೆ ಹೆಂಡತಿಯ ಸೆರಗು ಹಿಡಿದೆಳೆದರು.

"ಲೇ, ಅದು ನನ್ನ ಹತ್ರ ಇಲ್ವಲ್ಲೇ."

"ಹಾಗಂತ ಹೇಳ್ರೀ!"

"ಹೇಳಿದ್ರೆ ಕಾರ್ಡು ಹೋಯ್ತು."

"ಹೇಳದಿದ್ರೆ ನೀವೇ ಹೋಗ್ತೀರ. ಇಲ್ಲದೇ ಇರೋದನ್ನ ಹುಡುಕ್ತಾ ಹುಡುಕ್ತಾ ಎಲ್ಲಿವರೆಗೆ ಕುಯ್ತಾರೋ ಏನೋ! ಕೈಗೆ ಸಿಕ್ಕಿದ್ದನ್ನ ತೆಗೆದುಬಿಟ್ರೆ?"

ಮಾವನ ಕಣ್ಣ ಮುಂದೆ ತಾವೇ ಬಿಚ್ಚಿ ಹರಡಿದ ನೂರಾರು ಮಿಕ್ಸಿಗಳು ಸಾಲಾಗಿ ಬಂದವು. ಕೆಲವನ್ನು ಮತ್ತೆ ಜೋಡಿಸಿದ ಮೇಲೂ ಒಂದೆರಡು ಸ್ಕ್ರೂ ಉಳಿದಿದ್ದವು. "ಅದು ಮತ್ತೆ ಬೆಳೆದಿದ್ರೂ ಬೆಳೆದಿರಬಹುದು" ಎಂದರು. "ಉಗುರು ಬೆಳೆಯಲ್ವಾ?"

ಅಷ್ಟರಲ್ಲಿ ವಿಮೆ ಕೌಂಟರಿನ ಅಧಿಕಾರಿ ಬಂದರು. ತೆಳ್ಳಗಿನ ಮನುಷ್ಯ, ಹೆಗಲಿಗೊಂದು ಚೀಲ. ಧ್ವನಿ ಎಷ್ಟು ಮೆದುವೆಂದರೆ ಹೆದರಿದವರಿಗೆ ಇನ್ನಷ್ಟು ಹೆದರಿಕೆಯಾಗಬೇಕು.

"ಎಪ್ಪತ್ತೊಂದು ವರ್ಷ ಅಲ್ವಾ ಯಜಮಾನ್ರೇ? ಬಿಪಿ ಇದೆಯಾ?"

"ಇಲ್ಲ."

"ಶುಗರ್?"

"ಇಲ್ಲವೇ ಇಲ್ಲ."

"ಮಂಡಿ ನೋವು? ಕಣ್ಣಿನ ಪೊರೆ? ಎದೆ ಉರಿ?"

"ಇಲ್ಲ. ಇಲ್ಲ. ಇಲ್ಲ."

ಅಧಿಕಾರಿ ಪೆನ್ನು ಕೆಳಗಿಟ್ಟರು. "ನೆಗಡಿ?"

"ಅದೂ ಇಲ್ಲ."

"ಒಂದ್ಸಲಾನೂ?"

"ಸೀನೇ ಬಂದಿಲ್ಲ."

ಅಧಿಕಾರಿ ಆ ಮುಖವನ್ನು ಬಹಳ ಹೊತ್ತು ನೋಡಿದರು. ಅವರಿಗೆ ನಲವತ್ತರ ಆಸುಪಾಸು. ಅವರಿಗೇ ಬಿಪಿ, ಶುಗರ್, ಸೊಂಟನೋವು ಮೂರೂ ಇದ್ದವು. ಎಪ್ಪತ್ತು ದಾಟಿದ ಎಷ್ಟೋ ಜನರನ್ನು ಕಂಡಿದ್ದರು. ಎಲ್ಲರೂ ಕೇಳದಿದ್ದರೂ ಕಾಯಿಲೆಯ ಪಟ್ಟಿ ಹೇಳುವವರು. ಸೀನೇ ಬಾರದ ಮನುಷ್ಯ ಇದೇ ಮೊದಲು. ಅನುಮಾನ ಹುಟ್ಟಿತು. ಮಾವನನ್ನು ರಕ್ತಪರೀಕ್ಷೆಗೆ ತಳ್ಳಿಕೊಂಡು ಹೋದ ಸಮಯ ನೋಡಿ ಅವರು ಹೆಂಡತಿಯನ್ನು ಕೇಳಿದರು:

"ಅಮ್ಮಾ, ಮಂಜೂರು ಮಾಡೋ ಮೊದಲು ನಾನು ಒಂದ್ಸಲ ನಿಮ್ಮ ಬೀದಿ ಕಡೆ ಹೋಗಿ ಬರ್ತೀನಿ. ಇವರನ್ನ ಚೆನ್ನಾಗಿ ಬಲ್ಲವರು ಯಾರಿದ್ದಾರೆ?"

ಹೆಂಡತಿ ಗಂಡನಿಗೆ ಕೊಟ್ಟ ಮಾತು ಒಂದೇ: ಗುರುತಿನ ವಿಷಯ ತಾನು ಹೇಳಬಾರದು. ಆ ಮಾತನ್ನು ಅವರು ಮುರಿಯಲಿಲ್ಲ.

"ಇವರ ಅಕ್ಕ ಇದ್ದಾರೆ" ಎಂದರು. "ಹಿಂದಿನ ಬೀದಿ. ಬೇಗ ಹೋಗಿ ಸ್ವಾಮಿ."

ಅಧಿಕಾರಿ ಮೊದಲು ಸಿಕ್ಕಿದ ಕಂಡಕ್ಟರ ಮನೆಯ ಬಾಗಿಲು ತಟ್ಟಿದರು. ವಿಮೆಯವರು ಎಂಬ ಮಾತು ಕೇಳಿದ್ದೇ ತಡ, ಕಂಡಕ್ಟರು ಬೆನ್ನು ತಿರುಗಿಸಿ ಎರಡೂ ಸಾಲು ಹಲ್ಲನ್ನು ತೆಗೆದು ಜೇಬಿಗಿಳಿಸಿ ಮತ್ತೆ ತಿರುಗಿದರು. ಅವರು ಆಡಿದ್ದನ್ನು ನಾನು ಹಲ್ಲು ಸೇರಿಸಿಯೇ ಬರೆಯುತ್ತಿದ್ದೇನೆ.

"ಮಿಕ್ಸಿಯವರಾ? ಕಬ್ಬಿಣ ಸ್ವಾಮೀ, ಕಬ್ಬಿಣ! ಮಳೇಲಿ ನೆಂದ್ರೆ ಮಳೆಗೇ ನೆಗಡಿ ಆಗ್ಬೇಕು."

"ಹೊಟ್ಟೆ ಮೇಲೊಂದು ಗುರುತಿದೆಯಲ್ಲ?"

"ಫ್ಯಾನು! ನನ್ನ ಕಣ್ಣೆದುರಿಗೇ ಹೊಡೀತು. ಫ್ಯಾನು ಬಗ್ಗಿ ಹೋಯ್ತು, ಅವರಿಗೇನೂ ಆಗ್ಲಿಲ್ಲ."

"ಏನೂ ಆಗ್ದೆ ಗುರುತು ಹೇಗಾಯ್ತು?"

ಕಂಡಕ್ಟರು ಬರಿಯ ಒಸಡನ್ನು ತೋರಿಸಿ ನಕ್ಕು, ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಒಳಗೆ ಹೋದರು.

ಅಕ್ಕನ ಮನೆಯಲ್ಲಿ ಇಂಥ ತೊಂದರೆ ಆಗಲಿಲ್ಲ. ಶಾಲೆಯೊಂದರ ಅಡುಗೆಮನೆಯಲ್ಲಿ ದುಡಿದು ನಿವೃತ್ತರಾದ ಹೆಂಗಸು, ಮುನ್ನೂರು ಮಕ್ಕಳ ಗಲಾಟೆಯ ಮೇಲೆ ಕೇಳಿಸುವ ಹಾಗೆ ಮಾತಾಡಿ ಅಭ್ಯಾಸ. ತಮ್ಮನ ವಿಷಯ ಕೇಳಿದ್ದಕ್ಕೇ ಕುರ್ಚಿ ಹಾಕಿದರು.

"ನಮ್ಮವನಾ? ಅವನ ಹೊಟ್ಟೆ ಚರಿತ್ರೆ ನನ್ನ ಕೇಳಿ. ಮಾರ್ಕೆಟ್ ಹಿಂದಿನ ನರ್ಸಿಂಗ್ ಹೋಮಲ್ಲಿ ಅಪೆಂಡಿಕ್ಸ್ ತೆಗೆಸಿದಾಗ ಊಟದ ಡಬ್ಬಿ ಹೊತ್ತವಳು ನಾನೇ. ಡಾಕ್ಟ್ರು ಅದನ್ನ ತಟ್ಟೇಲಿಟ್ಕೊಂಡು ಬಂದು ತೋರಿಸಿದ್ರು. ಅವನು ನೋಡಿ ಮೂರ್ಛೆ ಹೋದ. ನಾನು ನೋಡಿ, ‘ಇಷ್ಟೇನಾ?’ ಅಂದೆ."

ಅಧಿಕಾರಿ ಕುರ್ಚಿಯ ಅಂಚಿಗೆ ಬಂದರು. "ತೆಗೆದದ್ದು ಖಂಡಿತಾ ಅಪೆಂಡಿಕ್ಸೇನಾ ಅಮ್ಮ?"

"ಮತ್ತೇನು, ಬದನೆಕಾಯಾ?"

"ಈಗ ನಿಮ್ಮ ತಮ್ಮ ಎಲ್ಲಿದ್ದಾರೆ?"

"ಅಂಗಡೀಲಿ. ಇನ್ನೆಲ್ಲಿರ್ತಾನೆ?"

"ಆಸ್ಪತ್ರೇಲಿಲ್ವಾ?"

"ಆಸ್ಪತ್ರೆ! ಅಕ್ಕನಿಗೆ ಹೇಳದೆ ಆಸ್ಪತ್ರೆ ಸೇರ್ತಾನಾ ಅವನು? ಕಾಲಿಗೆ ಮುಳ್ಳು ಚುಚ್ಚಿದ್ರೂ ಓಡಿ ಬರೋನು!"

ಅಧಿಕಾರಿಯ ತಲೆಯಲ್ಲಿ ಎಲ್ಲವೂ ಹಗಲಿನಷ್ಟು ಸ್ಪಷ್ಟವಾಯಿತು. ಕಾರ್ಡಿನ ಒಡೆಯನಿಗೆ ಅಪೆಂಡಿಕ್ಸ್ ಇಲ್ಲ. ಆಸ್ಪತ್ರೆಯಲ್ಲಿ ಮಲಗಿರುವವನಿಗೆ ಅಪೆಂಡಿಕ್ಸ್ ನೋಯುತ್ತಿದೆ. ಕಾರ್ಡಿನ ಒಡೆಯನಿಗೆ ಮುಳ್ಳು ಚುಚ್ಚಿದರೂ ಓಡುವ ಸ್ವಭಾವ. ಆಸ್ಪತ್ರೆಯಲ್ಲಿರುವವನು ಕಬ್ಬಿಣ. ಕಾರ್ಡಿನ ಫೋಟೋ ಯಾವ ಮುದುಕರದ್ದೂ ಆಗಬಹುದಾದಷ್ಟು ಮಸುಕು. ಅಂದಮೇಲೆ ಇವರಿಬ್ಬರೂ ಬೇರೆ ಬೇರೆ.

"ಅಮ್ಮಾ, ನಿಮ್ಮ ತಮ್ಮನ ಕಾರ್ಡು ಹಿಡ್ಕೊಂಡು ಇನ್ಯಾರೋ ಆಪರೇಶನ್ ಮಾಡಿಸ್ಕೊಳ್ತಾ ಇದ್ದಾರೆ. ಬಂದು ನೋಡಿ ಹೇಳ್ತೀರಾ?"

ಅಕ್ಕ ಚಪ್ಪಲಿ ಹಾಕಿಕೊಳ್ಳಲೂ ನಿಲ್ಲಲಿಲ್ಲ.

ಇತ್ತ ವಾರ್ಡಿನಲ್ಲಿ ಮಾವನಿಗೆ ಹಿಂದೆ ದಾರ ಕಟ್ಟುವ ಹಸಿರು ನಿಲುವಂಗಿ ತೊಡಿಸಿ, ತಲೆಗೆ ಹಸಿರು ಟೋಪಿ ಹಾಕಿ, ಗಾಲಿಮಂಚದ ಮೇಲೆ ಮಲಗಿಸಿ ಆಗಿತ್ತು. ಆಪರೇಶನ್ ಥಿಯೇಟರಿನ ಬಾಗಿಲು ಎದುರಿಗೇ. ಅದು ತೆರೆದುಕೊಂಡಾಗಲೆಲ್ಲ ಒಳಗಿನ ತಣ್ಣನೆಯ ಗಾಳಿ ಬಂದು ಬರಿಗಾಲಿಗೆ ತಾಗುತ್ತಿತ್ತು. ಹೆಂಡತಿ ಕಾರಿಡಾರಿನ ತುದಿಯಲ್ಲಿ ನಿಂತು ಮೆಟ್ಟಿಲನ್ನೇ ನೋಡುತ್ತಿದ್ದರು. ಮಾವ ಮನಸ್ಸಿನಲ್ಲೇ ಅಂಗಡಿಯನ್ನೂ ಜೀವವನ್ನೂ ತಕ್ಕಡಿಯಲ್ಲಿಟ್ಟು ತೂಗುತ್ತಿದ್ದರು. ಒಮ್ಮೆ ಇದು ಮೇಲಾಗುತ್ತಿತ್ತು, ಒಮ್ಮೆ ಅದು.

ಆಗ ಕಿವಿಯ ಹತ್ತಿರ ಆ ಮೆದುವಾದ ಧ್ವನಿ ಕೇಳಿಸಿತು.

"ಯಜಮಾನ್ರೇ, ನಿಮ್ಮ ನಿಜವಾದ ಹೆಸರೇನು?"

"ಕಾರ್ಡಿನಲ್ಲಿ ಇರೋದೇ."

"ಆ ಹೆಸರಿನವರಿಗೆ ಅಪೆಂಡಿಕ್ಸ್ ಇಲ್ಲ. ನಿಮಗೆ ಇದೆ. ಬೇರೆಯವರ ಕಾರ್ಡಿನಲ್ಲಿ ಸೇರಿದ್ರೆ ವಿಮೆಯ ಪ್ರಶ್ನೆ ಅಲ್ಲ, ಪೊಲೀಸರ ಪ್ರಶ್ನೆ ಆಗುತ್ತೆ."

ಅಂಗಡಿ ಹೋಗುತ್ತದೆಂದು ಹೆದರಿದ್ದಾಯಿತು, ಜೀವ ಹೋಗುತ್ತದೆಂದು ಹೆದರಿದ್ದಾಯಿತು. ಈಗ ತಾನು ತಾನೇ ಅಲ್ಲವೆಂದು ಜೈಲಿಗೆ ಹೋಗುವ ಹೆದರಿಕೆ. "ನಾನೇ ಸ್ವಾಮೀ ಅದು! ನಾನೇ! ಬೇಕಾದ್ರೆ ಯಾರನ್ನಾದ್ರೂ ಕೇಳಿ!"

"ಕೇಳೋಣ" ಎಂದು ಅಧಿಕಾರಿ ಪಕ್ಕಕ್ಕೆ ಸರಿದರು. ಹಿಂದೆ ಅಕ್ಕ ನಿಂತಿದ್ದರು.

ಅಕ್ಕ ಹಸಿರು ಟೋಪಿಯಿಂದ ಬರಿಗಾಲಿನವರೆಗೆ ನೋಡಿದರು. ಒಂದೇ ನೋಟಕ್ಕೆ ಗುರುತು ಸಿಕ್ಕಿತು. ಎತ್ತಿ ಆಡಿಸಿದ ತಮ್ಮನ ಗುರುತು ಟೋಪಿ ಹಾಕಿದರೆ ತಪ್ಪುತ್ತದೆಯೇ? ಆದರೆ ಅದರ ಜೊತೆಗೇ ಇನ್ನೊಂದು ವಿಷಯವೂ ಅರ್ಥವಾಯಿತು. ಇವನು ಥಿಯೇಟರಿನ ಬಾಗಿಲವರೆಗೂ ಬಂದಿದ್ದಾನೆ, ತನಗೆ ಹೇಳಿಲ್ಲ. ಗೋಡೆ ಪಕ್ಕದ ಕಂಡಕ್ಟರಿಗೆ ಗೊತ್ತು, ದಾರಿಹೋಕ ಅಧಿಕಾರಿಗೆ ಗೊತ್ತು, ಒಡಹುಟ್ಟಿದ ಅಕ್ಕನಿಗೆ ಗೊತ್ತಿಲ್ಲ. ಅಕ್ಕನ ಮುಖ ಸೆಟೆದುಕೊಂಡಿತು.

"ಇವರು ಯಾರೋ ನನಗೆ ಗೊತ್ತಿಲ್ಲ" ಎಂದರು.

ಮಾವ ಹುಟ್ಟಿದ ಮೇಲೆ ಅಕ್ಕ ಅವರನ್ನು ‘ಇವರು’ ಎಂದದ್ದು ಅದೇ ಮೊದಲು.

"ಅಕ್ಕಾ! ನಾನು ಕಣೇ!"

"ಯಾರ್ರೀ ನಿಮಗೆ ಅಕ್ಕ? ನನಗಿರೋದು ಒಬ್ಬನೇ ತಮ್ಮ. ಅವನು ಶೀತ ಆದ್ರೂ ಮೊದಲು ನನಗೆ ಹೇಳ್ತಾನೆ."

"ಶೀತ ಆಗುತ್ತಾ ಅವರಿಗೆ?" ಎಂದರು ಅಧಿಕಾರಿ.

"ವಾರಕ್ಕೊಂದು!"

"ಇವರಿಗೆ ಸೀನೇ ಬರಲ್ವಂತೆ" ಎಂದು ಅಧಿಕಾರಿ ಚೀಲದಿಂದ ಫೋನು ತೆಗೆದರು.

ಆ ಹೊತ್ತಿಗೆ ಕಂಡಕ್ಟರು ಏದುಸಿರು ಬಿಡುತ್ತ ಬಂದರು. ಮನೆಯಲ್ಲಿ ತಾನು ಆಡಿದ್ದು ಸಾಲದಾಯಿತೇನೋ ಎಂಬ ಕಳವಳ. ಓಡುವ ಅವಸರದಲ್ಲಿ, ದಾರಿಯಲ್ಲಿ ಪರಿಚಿತರು ಕಂಡಾರೆಂದು, ಹಲ್ಲು ಹಾಕಿಕೊಂಡಿದ್ದರು. "ಸ್ವಾಮೀ, ಇವರೇ ನಮ್ಮ ಮಿಕ್ಸಿಯವರು! ನಾನು ಸಾಕ್ಷಿ!"

"ನೀವ್ಯಾರು?"

"ಆಗಲೇ ಮಾತಾಡಿದ್ನಲ್ಲ, ಪಕ್ಕದ ಮನೆಯವನು!"

"ಆಗ ಮಾತಾಡಿದವರಿಗೆ ಹಲ್ಲಿರಲಿಲ್ಲ" ಎಂದರು ಅಧಿಕಾರಿ. ಅವರ ಮೆದು ಧ್ವನಿಯಲ್ಲೂ ಈಗ ನಡುಕ ಬಂದಿತ್ತು. "ಎಷ್ಟು ಜನರ ಗುಂಪು ನಿಮ್ಮದು?"

ಹೆಂಡತಿಗೆ ತಡೆಯಲಾಗಲಿಲ್ಲ. "ತೋರಿಸ್ರೀ ಅದನ್ನ! ಅಂಗಡಿ ಹಾಳಾಗಿ ಹೋಗ್ಲಿ, ತೋರಿಸಿ!"

ಥಿಯೇಟರಿನ ಬಾಗಿಲು ತೆರೆಯಿತು. ಕೈಗವಸು ಹಾಕಿಕೊಂಡ ಡಾಕ್ಟರಮ್ಮ ಹೊರಗೆ ತಲೆ ಹಾಕಿ, "ಮಂಜೂರಾತಿ ಏನಾಯ್ತು? ತಡ ಮಾಡೋ ಹಾಗಿಲ್ಲ" ಎಂದರು. ಆ ಕೈಗವಸು ಕಂಡದ್ದೇ ಮಾವ ಹಸಿರು ನಿಲುವಂಗಿಯನ್ನು ಹೊಟ್ಟೆಯವರೆಗೆ ಎತ್ತಿಬಿಟ್ಟರು. ಕಾರಿಡಾರಿನಲ್ಲಿದ್ದ ಹೆಂಗಸರು ಗೋಡೆಯ ಕಡೆ ತಿರುಗಿದರು.

"ತಾಯೀ, ಇದು ಫ್ಯಾನಲ್ಲ! ಇವಳಿಗೆ ಹೊಲಿಗೆ ಬರಲ್ಲ! ಅಪೆಂಡಿಕ್ಸ್ ಯಾವಾಗ್ಲೋ ತೆಗೆದಾಗಿದೆ, ಅಕ್ಕ ಅದನ್ನ ತಟ್ಟೇಲಿ ನೋಡಿದ್ದಾಳೆ! ನಾನು ಬಿಚ್ಚಿದ ಮಾಲು! ಕಾರ್ಡು ಕಿತ್ಕೊಳ್ಳಿ, ಅಂಗಡಿ ಬರೆಸ್ಕೊಳ್ಳಿ, ಮತ್ತೆ ಮಾತ್ರ ಬಿಚ್ಚಬೇಡಿ!"

ಡಾಕ್ಟರಮ್ಮನ ಮುಖ ಬಿಳಿಚಿಕೊಂಡಿತು. ನಿಧಾನವಾಗಿ ಒಂದೊಂದೇ ಕೈಗವಸು ಕಳಚಿದರು.

"ತಾತ, ಈ ಬಾಗಿಲು ದಾಟಿದ್ದಿದ್ರೆ ನಾನು ನಿಮ್ಮ ಹೊಟ್ಟೆ ಕುಯ್ದಿರ್ತಿದ್ದೆ. ಇಲ್ಲದೇ ಇರೋದಕ್ಕೆ. ನಿಮ್ಮ ವಯಸ್ಸಿಗೆ, ಸುಮ್ಮನೆ." ಕೈಗವಸುಗಳನ್ನು ಬುಟ್ಟಿಗೆ ಎಸೆದರು. "ಡಾಕ್ಟರ ಹತ್ರ ಹೀಗೆ ಸುಳ್ಳು ಹೇಳ್ತಾರಾ? ಯಾಕೆ ಹೇಳಿದ್ರಿ?"

ಮಾವ ನೇಲ್ ಪಾಲಿಶಿನಿಂದ ಶುರು ಮಾಡಿ ಎಲ್ಲವನ್ನೂ ಹೇಳಿದರು. ಕೇಳುತ್ತ ಕೇಳುತ್ತ ಅಧಿಕಾರಿ ಗೋಡೆಗೆ ಒರಗಿದರು.

"ಯಜಮಾನ್ರೇ, ಎಪ್ಪತ್ತು ದಾಟಿದ ಮೇಲೂ ಯಾರೂ ಬಿಚ್ಚದ ಹೊಟ್ಟೆ ಬೇಕು ಅಂದ್ರೆ ಈ ಯೋಜನೆ ಯಾರಿಗೆ ಮಾಡೋದು? ಹಳೇ ಕಾಯಿಲೆ, ಹಳೇ ಆಪರೇಶನ್, ಏನಿದ್ರೂ ಕಾರ್ಡು ನಡೆಯುತ್ತೆ. ಇದೆ ಅಂತ ಹೇಳಿದ್ರೆ ಸಾಕು. ಅಡ್ಮಿಟ್ ಆದ ಮೇಲಿನ ಪರೀಕ್ಷೆ, ಔಷಧಿ, ಆಪರೇಶನ್, ಊಟ, ಎಲ್ಲ ಅದರಲ್ಲೇ ಬರುತ್ತೆ. ಹೊರಗಿನ ಅಂಗಡೀಲಿ ನಿಮ್ಮಷ್ಟಕ್ಕೆ ತಗೊಂಡ ಮಾತ್ರೆಗೆ ಕೊಡಲ್ಲ, ಸ್ಪೆಷಲ್ ರೂಮ್ ಬೇಕಂದ್ರೆ ಅದು ನಿಮ್ಮ ಖರ್ಚು. ವರ್ಷಕ್ಕೆ ಇಷ್ಟು ಅಂತ ಒಂದು ಮಿತಿ ಇದೆ, ನೀವು ಅದರ ಹತ್ರಾನೂ ಬಂದಿಲ್ಲ. ಇಷ್ಟೇ. ಕೌಂಟರಿಗೆ ಬಂದು ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ. ದಿನವಿಡೀ ಅದಕ್ಕೇ ಕೂತಿರ್ತೀನಿ, ಯಾರೂ ಕೇಳಲ್ಲ. ಎಲ್ಲರೂ ತಿಳಿದವರೇ."

"ಹಲ್ಲು?" ಎಂದರು ಕಂಡಕ್ಟರು ಹಿಂದಿನಿಂದ.

"ಬಾಯಲ್ಲೇ ಇರಲಿ."

ಇಷ್ಟೆಲ್ಲ ಆದರೂ ಅಧಿಕಾರಿಗೆ ಒಂದು ಕೆಲಸ ಬಾಕಿ ಇತ್ತು. "ಅಮ್ಮಾ, ಇವರು ನಿಮ್ಮ ತಮ್ಮ ಹೌದೋ ಅಲ್ವೋ?"

ಅಕ್ಕ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು. ಆ ಗುರುತು ಕಂಡಾಗಿನಿಂದ ಕಣ್ಣು ತುಂಬಿತ್ತು, ಸಿಟ್ಟು ಮಾತ್ರ ಇಳಿದಿರಲಿಲ್ಲ. "ಮೊದಲು ಅವನು ಹೇಳಲಿ, ಇನ್ಮೇಲೆ ಆಸ್ಪತ್ರೆಗೆ ಬರೋ ಮುಂಚೆ ಅಕ್ಕನಿಗೆ ಹೇಳ್ತೀನಿ ಅಂತ."

"ಹೇಳ್ತೀನಿ ಕಣೇ ಅಕ್ಕ."

"ಜೋರಾಗಿ!"

"ಹೇಳ್ತೀನಿ!" ಎಂದು ಮಾವ ಕೂಗಿದ್ದಕ್ಕೆ ನೋವು ಮತ್ತೆ ಚುರ್ರೆಂದು ಎದ್ದು ಅವರು ಮುದುಡಿಕೊಂಡರು.

"ಹೂಂ, ಇವನೇ" ಎಂದರು ಅಕ್ಕ. "ಈ ದಂಡಪಿಂಡಾನ ನಮ್ಮಮ್ಮ ಬಿಟ್ಟು ಇನ್ಯಾರು ಹೆರ್ತಾರೆ?"

ದೊಡ್ಡ ಯಂತ್ರದಲ್ಲಿ ಇನ್ನೊಮ್ಮೆ ಸ್ಕ್ಯಾನ್ ಮಾಡಿಸಿದರು. ಈ ಸಲ ಎಲ್ಲವೂ ಕಂಡಿತು. ಮೂತ್ರಪಿಂಡದಿಂದ ಕೆಳಗಿಳಿಯುವ ನಾಳದಲ್ಲಿ ಒಂದು ಕಲ್ಲು ಸಿಕ್ಕಿಕೊಂಡಿತ್ತು. ಅಧಿಕಾರಿ ಅಲ್ಲೇ ಬೆಂಚಿನ ಮೇಲೆ ಕುಳಿತು ಹೊಸದಾಗಿ ಮಂಜೂರಾತಿ ಕೇಳಿದರು. ಬೇಗನೆ ಬಂದೂಬಿಟ್ಟಿತು. "ಪೂರ್ತಿ ಮಂಜೂರು ಯಜಮಾನ್ರೇ. ನೀವು ಒಂದು ಪೈಸೆ ಕೊಡಬೇಕಾಗಿಲ್ಲ."

ಮಾವ ಕಣ್ಣು ಮುಚ್ಚಿ ದೊಡ್ಡದಾಗಿ ಉಸಿರು ಬಿಟ್ಟರು. ಅಂಗಡಿ ಉಳಿಯಿತು. ಪೊಲೀಸರು ಬರಲಿಲ್ಲ. ಅಕ್ಕ ಮತ್ತೆ ‘ಅವನು’ ಎನ್ನುತ್ತಿದ್ದಾಳೆ. ಹೆಂಡತಿ ಮೊದಲ ಬಾರಿಗೆ ಬೆಂಚಿನ ಮೇಲೆ ಒರಗಿ ಕುಳಿತಿದ್ದರು.

"ಎಲ್ಲಿ ಕುಯ್ತೀರಾ ತಾಯೀ?" ಎಂದರು ಮಾವ ಧೈರ್ಯವಾಗಿ. "ಹಳೇ ಗುರುತಿನ ಮೇಲೇನಾ, ಪಕ್ಕದಲ್ಲಾ?"

"ಎಲ್ಲೂ ಕುಯ್ಯಲ್ಲ ತಾತ" ಎಂದರು ಡಾಕ್ಟರಮ್ಮ, ಸಮಾಧಾನ ಮಾಡುವ ದನಿಯಲ್ಲಿ. "ಈಗೆಲ್ಲ ಬಹಳ ಸುಲಭ. ಮೂತ್ರ ಬರೋ ದಾರಿಯಿಂದಲೇ ಒಂದು ಸಣ್ಣ ನಳಿಕೆ ಮೇಲಕ್ಕೆ ಕಳಿಸಿ, ಕಲ್ಲನ್ನ ಪುಡಿ ಮಾಡಿ ಎಳ್ಕೊಂಡು ಬರ್ತೀವಿ."

ಮಾವನ ಕಣ್ಣು ಎರಡೂ ತೆರೆದುಕೊಂಡವು.

"ಯಾವ ದಾರಿಯಿಂದ?"

ಡಾಕ್ಟರಮ್ಮ ಮತ್ತೆ ಹೇಳಿದರು. ಕಂಡಕ್ಟರು ಮೆಲ್ಲನೆ ಮೆಟ್ಟಿಲ ಕಡೆ ನಡೆದರು. ಅಕ್ಕ ತಮ್ಮನ ಟೋಪಿ ಸರಿಮಾಡಿ, ಗಾಲಿಮಂಚದ ಸರಳನ್ನು ಎರಡೂ ಕೈಯಲ್ಲಿ ಹಿಡಿದು, "ನಡೀರಿ, ಎಲ್ಲಿಗೆ ತಳ್ಳಬೇಕು?" ಎಂದರು.

ಮಾವ ಕೈ ಚಾಚಿ ಅಧಿಕಾರಿಯ ಚೀಲದ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡರು. ಮಂಚ ಉರುಳತೊಡಗಿತು. ಅಧಿಕಾರಿಯೂ ಜೊತೆಗೆ ಓಡಬೇಕಾಯಿತು.

"ಸ್ವಾಮೀ, ಇನ್ನೊಂದ್ಸಲ ಸರಿಯಾಗಿ ನೋಡಿ. ನನಗೆ ಬಿಪಿ ಇದೆ, ಶುಗರ್ ಇದೆ, ಮಂಡಿ ನೋವಿದೆ, ವಾರಕ್ಕೊಂದು ನೆಗಡಿ ಬರುತ್ತೆ. ಸುಳ್ಳು ಬೇರೆ ಹೇಳಿದ್ದೀನಿ. ಕೊಡೋದಿಲ್ಲ ಅನ್ನೋಕೆ ಏನಾದ್ರೂ ಒಂದು ಕಾರಣ ಇದ್ದೇ ಇರುತ್ತೆ!"

ಥಿಯೇಟರಿನ ಬಾಗಿಲು ತೆರೆದು ತಣ್ಣನೆಯ ಗಾಳಿ ಬಂತು. ಅಧಿಕಾರಿ ಒಂದೊಂದೇ ಬೆರಳನ್ನು ಮೃದುವಾಗಿ ಬಿಡಿಸಿಕೊಂಡರು.

"ಇಲ್ಲ ಯಜಮಾನ್ರೇ. ಎಲ್ಲ ನೋಡಿದೆ. ಒಂದೂ ಇಲ್ಲ."